ಕೊಕ್ಕೆಯ ಪಕ್ಕದ ಪೆನ್ಸಿಲ್ ಗೆರೆ

ಕೆಳಮನೆ ಅಂಕಲ್ ಅವರ ಬಲಹುಬ್ಬು ಮಾತ್ರ ಸದಾ ಬೂದು. ವಯಸ್ಸಿಗಲ್ಲ, ಕಾಂಕ್ರೀಟ್ ಪುಡಿಗೆ. ಚಾವಣಿಯಲ್ಲಿ ಕೊರೆದ ತೂತಿಗೆ ಬಲಗಣ್ಣಿಟ್ಟು ಇಣುಕುವುದು ಅವರ ಅಭ್ಯಾಸ. ಕಾಂಕ್ರೀಟಿಗೆ ಹೊಡೆದ ಆಂಕರ್ ಬೋಲ್ಟ್‌ಗಳನ್ನು ಯಂತ್ರದಿಂದ ಎಳೆದು, ಎಷ್ಟು ಭಾರ ತಡೆಯುತ್ತವೆ ಎಂದು ಪರೀಕ್ಷಿಸುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತರಾದರೂ ಚಟ ಬಿಡಲಿಲ್ಲ. ಗವಿಪುರದ ನಮ್ಮ ಕಟ್ಟಡದಲ್ಲಿ ಯಾರು ಕಾಫಿಗೆ ಕರೆದರೂ, ಮೊದಲು ಫ್ಯಾನಿನ ಕೆಳಗಿಂದ ಕುರ್ಚಿ ಸರಿಸಿಕೊಂಡೇ ಕೂರುತ್ತಿದ್ದರು. ನಮಗೆಲ್ಲ ಅದೊಂದು ತಮಾಷೆ.

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮಾತ್ರ ನನಗೆ ಸಿಟ್ಟು ಬಂತು. ಹಳೆಯ ಮನೆಯಾಗಿದ್ದರೆ ಮರದ ತೊಲೆ ಇರುತ್ತಿತ್ತು. ಫ್ಲಾಟಿನ ಚಾವಣಿಗೆ ಬೋಲ್ಟ್ ಹೊಡೆಸಿ ಎರಡು ಕೊಕ್ಕೆ ಹಾಕಿಸಿದ್ದೆವು. ಮುಹೂರ್ತಕ್ಕೆ ಅರ್ಧ ಗಂಟೆಯಿದೆ ಎನ್ನುವಾಗ ಅಂಕಲ್ ಏಣಿ, ಎಳೆಯುವ ಯಂತ್ರ ಎರಡನ್ನೂ ಹೊತ್ತು ಬಂದರು.

ಬೋಲ್ಟ್ ಹೊಡೆದವನನ್ನು ಊಟಕ್ಕೆ ಕರೆದಿದ್ದೆವು. "ನಾನೇ ನೇತಾಡಿ ನೋಡಿದೀನಿ ಸಾರ್, ಎಂಬತ್ತು ಕೆಜಿ ಇದೀನಿ" ಎಂದ.

"ನೀನು ಒಂದ್ಸಲ ನೇತಾಡ್ದೆ. ಮಗೂನ ದಿನಾ ತೂಗ್ತಾರೆ ಕಣಪ್ಪಾ."

"ಹೊತ್ತು ಮೀರ್ತಾ ಇದೆ, ಇದನ್ನ ನಾಳೆ ಮಾಡ್ಬಾರ್ದಾ?" ಎಂದರು ನನ್ನ ಅತ್ತೆ.

"ನಾಳೆ ಮಾಡಿ ಏನ್ ಪ್ರಯೋಜನಮ್ಮಾ?"

ಮೊದಲನೆಯ ಕೊಕ್ಕೆ ತಡೆಯಿತು. ಎರಡನೆಯದಕ್ಕೆ ಯಂತ್ರ ಬಿಗಿದು, ಮಾತಾಡಬೇಡಿ ಎಂದು ಕೈಯೆತ್ತಿದರು. ಯಂತ್ರದ ಮುಳ್ಳು ಏರಿತು, ನಿಂತಿತು, ಮೆಲ್ಲಗೆ ಇಳಿಯತೊಡಗಿತು. ಬೋಲ್ಟ್ ಭತ್ತದ ಕಾಳಿನಷ್ಟು ಕೆಳಕ್ಕೆ ಜಾರಿತ್ತು. ಕೊರೆದ ಪುಡಿ ತೆಗೆಯದೆ ಕೂರಿಸಿದ್ದರಿಂದ ಅದಕ್ಕೆ ಕಾಂಕ್ರೀಟಿನ ಹಿಡಿತವೇ ಸಿಕ್ಕಿರಲಿಲ್ಲ. ಮಗು ನನ್ನ ತೋಳಲ್ಲಿ ನಿದ್ದೆ ಮಾಡುತ್ತಿತ್ತು.

ಶಾಸ್ತ್ರ ನಿಂತಿತಲ್ಲ ಎಂದು ಅತ್ತೆ ಕಣ್ಣೊರೆಸಿಕೊಂಡರು.

"ಯಾಕ್ ನಿಲ್ಸ್ತೀರಾ? ಏಣಿ ಇದ್ಯಲ್ಲ" ಎಂದವರೇ ಅಂಕಲ್, ಏಣಿಯನ್ನು ಅಡ್ಡ ಹಿಡಿಸಿ ಒಂದು ತುದಿಯನ್ನು ತಮ್ಮ ಹೆಗಲಿಗೆ, ಇನ್ನೊಂದನ್ನು ಬೋಲ್ಟ್ ಹೊಡೆದವನ ಹೆಗಲಿಗೆ ಕೊಟ್ಟರು. ಏಣಿಗೆ ಕಟ್ಟಿದ ತೊಟ್ಟಿಲು ನೆಲದಿಂದ ಗೇಣುದ್ದ ಮೇಲೆ ತೂಗಿತು. ಐದು ಜೋಗುಳ ಹಾಡಬೇಕಿದ್ದ ಅತ್ತೆ, ಅಂಕಲ್ ಹೆಗಲು ನೋಡಿ ಎರಡಕ್ಕೇ ಮುಗಿಸಿದರು.

ಮರುದಿನ ಅಂಕಲ್ ಬೇರೆ ಜಾಗದಲ್ಲಿ ಕೊರೆಸಿದರು. ಬ್ರಷ್ ಆಡಿಸಿ, ಸೈಕಲ್ ಪಂಪಿನಲ್ಲಿ ಪುಡಿಯನ್ನೆಲ್ಲ ಊದಿ ತೆಗೆಸಿ ಹೊಸ ಬೋಲ್ಟ್ ಹಾಕಿಸಿದರು. ಈ ಸಲ ಮುಳ್ಳು ಕದಲಲಿಲ್ಲ. ಆಮೇಲೆ ನಟ್ಟಿನಿಂದ ಚಾವಣಿಯವರೆಗೆ ಒಂದು ಪೆನ್ಸಿಲ್ ಗೆರೆ ಎಳೆದರು. "ಗೆರೆ ತಪ್ಪಿದ್ರೆ ನಟ್ ತಿರುಗಿದೆ ಅಂತ. ನೋಡ್ತಿರಮ್ಮಾ" ಎಂದರು. ನಾನು ನೋಡಲಿಲ್ಲ. ತಿಂಗಳಿಗೊಮ್ಮೆ ಅವರೇ ಬಂದು ನೋಡುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ಅಂದು ಸಿಟ್ಟಾಗಿದ್ದಕ್ಕೆ ನಾನು ಕ್ಷಮೆ ಕೇಳಲೇ ಇಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ತೊಟ್ಟಿಲಿದ್ದ ಕಡೆ ಈಗ ಮಗಳ ಉಯ್ಯಾಲೆಯಿದೆ. ತಿಂಗಳಿಗೊಮ್ಮೆ ಸ್ಟೂಲ್ ಹತ್ತಿ ಗೆರೆ ನೋಡುವವಳು ನಾನು.

ಮೊನ್ನೆ ಬಣ್ಣ ಬಳಿಯುವವರು ಬಂದಾಗ, ಆ ಗೆರೆಯ ಸುತ್ತ ಅಂಗೈಯಗಲ ಜಾಗ ಬಿಡಿ ಎಂದೆ.

"ಹಳೇ ಬಣ್ಣ ಎದ್ದು ಕಾಣತ್ತೆ ಮೇಡಂ."

"ಕಾಣ್ಲಿ ಬಿಡಿ" ಎಂದೆ.