ಸಾಹುಕಾರ, ಅವಸರಗೇಡಿ ಮತ್ತು ಅಕ್ಕನ ಪರೀಕ್ಷೆ

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ನಮ್ಮದು ಹೊಸ ಮನೆ. ಸುಣ್ಣದ ವಾಸನೆ ಹೋಗಿರಲಿಲ್ಲ, ಗೋಡೆ ಮೇಲೆ ಒಂದು ಹಲ್ಲಿಯೂ ಇರಲಿಲ್ಲ. ಹಲ್ಲಿ ಇಲ್ಲದಿದ್ದರೆ ಯಾರಿಗೇನು ನಷ್ಟ ಅಂತೀರಾ? ನಮ್ಮಕ್ಕನಿಗೆ ನಷ್ಟವಿತ್ತು. ಎಸ್ಸೆಸ್ಸೆಲ್ಸಿ ವರ್ಷವೇ ಅವಳಿಗೆ ಕೀಲುಜ್ವರ ಬಂದಿತ್ತು. ಹೃದಯಕ್ಕೆ ಪೆಟ್ಟಾದೀತು, ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದ ಡಾಕ್ಟರು, ಪರೀಕ್ಷೆ ಹೊತ್ತಿಗೆ ಓಡಾಡಬಹುದು ಅಂತಲೂ ಹೇಳಿದ್ದರು. ಆ ಒಂದು ಮಾತು ಹಿಡಕೊಂಡು ಅಕ್ಕ ಮಲಗಿದಲ್ಲೇ ಓದುತ್ತಿದ್ದಳು. ಓದಿ ಸುಸ್ತಾದರೆ ನೋಡೋಕೆ ಬರೀ ಬಿಳೀ ಗೋಡೆ. ಒಂದು ಹಲ್ಲಿಯಾದರೂ ಓಡಾಡಿದ್ದರೆ ಜೊತೆಯಾಗುತ್ತಿತ್ತು ಅಂತ ಒಮ್ಮೆ ಅಂದಳು.

ನನಗೆ ಅಷ್ಟೇ ಸಾಕಾಯ್ತು. ಹರಿಹರದ ಅತ್ತೆಯದು ಹಳೇ ಜಂತೆಮನೆ, ಹಲ್ಲಿಗಳಿಗೆ ಬರವಿರಲಿಲ್ಲ. ಅತ್ತೆ ಮೊದಲು ಬೈದಳು, ಆಮೇಲೆ ತಾನೇ ಟವೆಲ್ಲು ಹಾಕಿ ಎರಡು ಹಿಡಿದುಕೊಟ್ಟಳು. ತೂತು ಹೊಡೆದ ಡಬ್ಬಿಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಪಕ್ಕದವರು ಕೇಳಿದಾಗ ಖಾರಮಂಡಕ್ಕಿ ಅಂತ ಸುಳ್ಳು ಹೇಳಿ ತಂದೆ. ಒಂಚೂರು ಕೊಡಪ್ಪ ಅಂದಿದ್ದರೆ ನನ್ನ ಕಥೆ ಮುಗಿದಿತ್ತು.

ದಪ್ಪನೆಯದು ಟ್ಯೂಬ್‌ಲೈಟಿನ ಹಿಂದೆ ಸೇರಿಕೊಂಡು ಮೊದಮೊದಲು ಮುಖವನ್ನೇ ತೋರಿಸಲಿಲ್ಲ. ಪಾಪ, ಹೆದರಿಕೆ ಅಂದುಕೊಂಡೆವು. ಹೆದರಿಕೆಯಲ್ಲ, ಠೇಂಕಾರ! ಹುಳ ತಾನಾಗಿ ಬಾಯಿ ಹತ್ತಿರ ಬರೋತನಕ ಕದಲುತ್ತಿರಲಿಲ್ಲ. ಅಕ್ಕ ಅದಕ್ಕೆ ಸಾಹುಕಾರ ಅಂತ ಹೆಸರಿಟ್ಟಳು. ಸಣಕಲು ಹಲ್ಲಿಯ ಹೆಸರು ಅವಸರಗೇಡಿ. ಹುಳ ಕಂಡರೆ ಹಿಂದೆ ಮುಂದೆ ನೋಡದೆ ಹಾರಿ, ನುಣ್ಣನೆ ಗೋಡೆಯಲ್ಲಿ ಜಾರಿ, ತಪ್ಪಂತ ನೆಲಕ್ಕೆ ಬೀಳೋದು. ಯಾವುದಕ್ಕೆ ಹುಳ ಸಿಗುತ್ತೆ ಅಂತ ದಿನಾ ಪಂದ್ಯ, ಸೋತವರು ತಮ್ಮ ಪಾಲಿನ ಶೇಂಗಾ ಉಂಡೆ ಕೊಡಬೇಕು. ನಾನು ಯಾವಾಗಲೂ ಅವಸರಗೇಡಿ ಕಡೆ. ಹಾಗಾಗಿ ಆ ವರ್ಷ ಉಂಡೆಯೆಲ್ಲ ಅಕ್ಕನ ಹೊಟ್ಟೆಗೇ ಹೋಯ್ತು. ಮನೆಯೊಳಗೆ ಹಲ್ಲಿ ಯಾಕೆ ಅಂತ ಅಮ್ಮ ಗೊಣಗುತ್ತಿದ್ದಳು, ಆದರೆ ಅಕ್ಕ ನಗೋದು ನೋಡಿ ಓಡಿಸಲಿಲ್ಲ.

ಪರೀಕ್ಷೆ ಇನ್ನೇನು ಬಂದೇಬಿಟ್ಟಿತು. ಡಾಕ್ಟರು ಹೂಂ ಅಂದಿದ್ದರು, ಅಪ್ಪ ಆಟೋ ಗೊತ್ತುಮಾಡಿದ್ದರು. ಒಂದು ಸಂಜೆ ಅಮ್ಮ ಅಕ್ಕನಿಗೆ ಗಂಜಿ ಕುಡಿಸುತ್ತಿದ್ದಾಗ ಅವಸರಗೇಡಿ ಹುಳಕ್ಕೆ ಹಾರಿ, ಜಾರಿ, ಸೀದಾ ಅಕ್ಕನ ನೆತ್ತಿ ಮೇಲೆ ಬಿತ್ತು. ಅಮ್ಮನ ಕೈಯಿಂದ ಬಟ್ಟಲು ಜಾರಿತು. ತಲೆ ಮೇಲೆ ಹಲ್ಲಿ ಬಿದ್ದರೆ ಜೀವಕ್ಕೆ ಕಂಟಕ ಅಂತ ಪಂಚಾಂಗದಲ್ಲೇ ಇದೆಯಲ್ಲ. ಅದೂ ಕಾಯಿಲೆ ಬಿದ್ದ ಹುಡುಗಿ.

“ಅದರ ಸ್ವಭಾವಾನೇ ಅದು ಅಮ್ಮ. ದಿನಾ ಬೀಳ್ತೈತೆ. ಇವತ್ತು ನಾನು ಕೆಳಗಿದ್ದೆ, ಅಷ್ಟೇ,” ಅಂದಳು ಅಕ್ಕ. ನಾನೂ ಹೌದೌದು ಅಂದೆ.

“ಪರೀಕ್ಷೆ ಮುಂದಿನ ವರ್ಷಾನೂ ಬರ್ತೈತೆ. ನೀನು ಹೋದ್ರೆ ಎಲ್ಲಿಂದ ತರ್ಲಿ?” ಅಂದಳು ಅಮ್ಮ. ಚೆಲ್ಲಿದ ಗಂಜಿಯನ್ನು ಸೆರಗಿನಿಂದಲೇ ಒರೆಸತೊಡಗಿದಳು. ಅಕ್ಕ ಅಮ್ಮನ ಮುಖವನ್ನೇ ನೋಡಿ, ಪುಸ್ತಕ ಮುಚ್ಚಿ ದಿಂಬಿನ ಕೆಳಗಿಟ್ಟಳು.

ಮಾರನೇ ದಿನವೇ ಅಮ್ಮ ಅವಳನ್ನು ನಂದಿಗುಡಿಯ ಅಜ್ಜಿ ಮನೆಗೆ ಕರೆದೊಯ್ದಳು. ಕಂಟಕ ಕಳೀಲಿ ಅಂತ ಅಲ್ಲಿನ ಮಠದಲ್ಲಿ ಹರಕೆ, ಪೂಜೆ. ಇತ್ತ ಅಪ್ಪ ಪೊರಕೆ ಹಿಡಿದು ಎರಡು ಹಲ್ಲಿಗಳನ್ನೂ ಹೊರಗೋಡಿಸಿದರು, ನಾನು ಅಳುತ್ತಾ ನಿಂತೆ. ಅಕ್ಕ ನಂದಿಗುಡಿಯಲ್ಲೇ ಇದ್ದಾಗ ಪರೀಕ್ಷೆ ಬಂತು, ಹೋಯ್ತು. ಮುಂದಿನ ವರ್ಷ ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡಳು, ನೋಡಿಕೊಳ್ಳೋಕೆ ಅಕ್ಕ ಬೇಕಾಯ್ತು. ಅದರಾಚೆಗೆ ಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. ಒಂದು ವರ್ಷ ತಾನೇ ಹೋದದ್ದು ಅಂತ ನಾವೆಲ್ಲ ಅಂದುಕೊಂಡಿದ್ದೆವು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ. ಹಾಗಂತ ಅಮ್ಮನನ್ನು ಬೈಯೋಣ ಅಂದರೆ ಬಾಯೇ ಬರಲ್ಲ.

ಅಕ್ಕ ಈಗ ಭಾನುವಳ್ಳಿಯ ಸೊಸೆ. ಹೃದಯ ಗಟ್ಟಿಯಾಗಿದೆ, ಗದ್ದೆ ಬದುವಿನ ಮೇಲೆ ನನಗಿಂತ ಚುರುಕಾಗಿ ನಡೀತಾಳೆ. ಮೊನ್ನೆ ಅವಳ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು ಅಂತ ಹೋಗಿದ್ದೆ. ಎಲ್ಲರಿಗೂ ಪೇಡ ಹಂಚಿ, ನೀರು ಕೊಡೋ ನೆವದಲ್ಲಿ ನನ್ನ ಪಕ್ಕ ಬಂದು ನಿಂತಳು.

“ನಾನೂ ಬರೆದಿದ್ರೆ ಪಾಸಾಗ್ತಿದ್ದೆ, ಅಲ್ಲೇನೋ?”

“ಸ್ಕೂಲಿಗೇ ಫಸ್ಟ್ ಬರ್ತಿದ್ದೆ ಅಕ್ಕ,” ಅಂದೆ.

ಖಾಲಿ ಲೋಟ ನನ್ನ ಕೈಯಿಂದ ಇಸಕೊಂಡಳು.

“ಅಮ್ಮನ ಮುಂದೆ ಮಾತ್ರ ಹಂಗನ್ನಬ್ಯಾಡ,” ಅಂದು ಒಳಗೆ ಹೋದಳು.