ಗಟ್ಟಿ ಹೊಲಿಯದ ಗುಂಡಿ

ಕಾಕುವಿನ ಎಡಗೈ ತೋರುಬೆರಳಿನ ಮೇಲೆ ಒಂದು ತೆಳ್ಳನೆಯ ಗೆರೆ ಇತ್ತು. ಉಣ್ಣೆಯ ನೂಲು ವರ್ಷಗಟ್ಟಲೆ ಅದೇ ಜಾಗದಲ್ಲಿ ಓಡಿ ಓಡಿ ಚರ್ಮ ತಗ್ಗಾಗಿ, ಉಂಗುರ ತೆಗೆದಿಟ್ಟ ಗುರುತಿನಂತೆ ಹೊಳೆಯುತ್ತಿತ್ತು. ಬಲಗೈಯಲ್ಲಿ ಕ್ರೋಶಾ ಕಡ್ಡಿ. ಮುಂಬೈಯ ಲೋಕಲ್ ರೈಲು ಎಷ್ಟೇ ಕುಲುಕಲಿ, ಯಾರ ಮೊಣಕೈ ಎಲ್ಲೇ ತಾಗಲಿ, ಆ ಕಡ್ಡಿಯ ಕೊಕ್ಕೆ ನೂಲನ್ನು ತಪ್ಪಿಸಿದ್ದು ನಾನು ನೋಡಿಲ್ಲ.

ಅವರು ಠಾಣೆಯಲ್ಲಿ ಹತ್ತುತ್ತಿದ್ದರು, ನಾನು ಘಾಟ್ಕೋಪರಿನಲ್ಲಿ. ಕಾಕು ಫೋರ್ಟಿನ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ಗದಗದ ಕಡೆಯಿಂದ ಮದುವೆಯಾಗಿ ಬಂದು ಇಲ್ಲೇ ತಲೆ ನೆರೆತವರು. ಹೆಂಗಸರ ಡಬ್ಬಿಯಲ್ಲಿ ಮರಾಠಿಯವರು, ಗುಜರಾತಿಯವರು, ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ಅವರು ಫೋನಿನಲ್ಲಿ ತಂಗಿಯ ಜೊತೆ ಮಾತಾಡುವುದು ಕಿವಿಗೆ ಬಿದ್ದು, "ನೀವು ಕನ್ನಡದವರಾ?" ಎಂದು ಕೇಳಿದ್ದೆ.

"ಹೌದವಾ. ನೀ ಯಾವ ಊರಾಕಿ?"

"ಉಡುಪಿ ಹತ್ರ."

"ಹಂಗಾರ ನಿಂದು ಪುಸ್ತಕದ ಕನ್ನಡ. ಇರ್ಲಿ, ಅಡ್ಜಸ್ಟ್ ಮಾಡ್ಕೋತೀನಿ" ಎಂದು ಸರಿದು ನಾಲ್ಕನೇ ಸೀಟು ಕೊಟ್ಟರು. ಮೂವರ ಬೆಂಚಿನಲ್ಲಿ ಮೂವರೂ ಒತ್ತಿಕೊಂಡು, ಅಂಚಿನಲ್ಲಿ ಇನ್ನೊಬ್ಬಳಿಗೆ ಬಿಡುವ ಗೇಣು ಜಾಗಕ್ಕೆ ನಾಲ್ಕನೇ ಸೀಟು ಎಂದು ಹೆಸರು. ಅಂದಿನಿಂದ ಅದು ನನ್ನದು ಎಂದುಕೊಂಡೆ. ಹಾಗೆಂದು ಯಾರೂ ಹೇಳಿರಲಿಲ್ಲ.

ಕಾಕು ಹೆಣೆಯುತ್ತಿದ್ದುದು ಗ್ರ್ಯಾನಿ ಎಂಬ ಜಾಲರಿ ಹೆಣಿಗೆಯ ಆಯತ ಮಾತ್ರ. ಚೌಕವಾದರೆ ನಡುವೆ ಒಂದು ಸಣ್ಣ ಉಂಗುರದಿಂದ ಶುರು. ಆಯತಕ್ಕೆ ನಡುವೆ ಸರಪಳಿಯಂಥ ಒಂದು ಗೆರೆ, ಆಮೇಲೆ ಅದರ ಸುತ್ತ ಸುತ್ತು. ಮೂರು ಹೆಣಿಗೆ ಒತ್ತಾಗಿ, ಪಕ್ಕದಲ್ಲಿ ಒಂದು ಸಂದು. ಅದನ್ನು ಅವರು ಲೋಕಲಿನ ಭಾಷೆಯಲ್ಲೇ ಕಲಿಸುತ್ತಿದ್ದರು: "ಮೂರು ಮಂದಿ, ಒಂದು ದಾರಿ. ಮೂರು ಮಂದಿ, ಒಂದು ದಾರಿ. ಮೂಲ್ಯಾಗ ಎರಡು ಸೀಟು." ಮೂಲೆಯ ಒಂದೇ ಸಂದಿಗೆ ಮೂರರ ಎರಡು ಗುಂಪು ಎಂದರ್ಥ. ಉದ್ದಕ್ಕೆ ಬಿಟ್ಟರೆ ಸ್ಕಾರ್ಫ್. ಎರಡು ತುದಿ ಕೂಡಿಸಿದರೆ ಕೊರಳ ಸುತ್ತ ಬೀಳುವ ಬಳೆಯಂಥದ್ದು. ಅಂಗಡಿಯವರು ಕೌಲ್ ಎನ್ನುತ್ತಾರೆ, ಕಾಕು ಕೊರಳಬಳಿ ಎನ್ನುತ್ತಿದ್ದರು.

"ಮುಂಬೈಯಲ್ಲಿ ಎಂತಕ್ಕೆ ಕಾಕು ಇದೆಲ್ಲ? ಚಳಿ ಎಲ್ಲಿದೆ?"

"ನಿಮ್ಮ ಆಫೀಸಿನ ಎಸಿಯೊಳಗ ಐತಲ್ಲ. ಸಾಹೇಬ್ರಿಗೆ ಸೆಕೆ, ನಿಮಗ ನೆಗಡಿ."

ಹೀಗೆ ಎರಡು ವರ್ಷ ಸುಖವಾಗಿದ್ದೆ. ಆಮೇಲೆ ಕುರ್ಲಾದಲ್ಲಿ ಆ ಹುಡುಗಿ ಹತ್ತಿದಳು.

ಕುರ್ಲಾದ ಚಾಳಿನಲ್ಲೇ ಹುಟ್ಟಿದವಳು. ಅಪ್ಪ ಅಮ್ಮ ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರು. ದಾದರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಕನ್ನಡ ಅರ್ಥವಾಗುತ್ತಿತ್ತು, ನಾಲಗೆ ಮಾತ್ರ ಎಡವುತ್ತಿತ್ತು. ಕುರ್ಲಾ ಬರುವಷ್ಟರಲ್ಲಿ ಡಬ್ಬಿ ತುಂಬಿರುವುದರಿಂದ ಸಾಮಾನ್ಯವಾಗಿ ಬಾಗಿಲಲ್ಲೇ ನಿಲ್ಲುವವಳು, ಗದ್ದಲ ಕಡಿಮೆಯಿದ್ದ ದಿನ ಒಳಗೆ ನುಗ್ಗಿ ಬರುತ್ತಿದ್ದಳು. ಆಗ ಕಾಕು ನನ್ನ ತೊಡೆ ತಟ್ಟಿ, "ನೀ ಘಾಟ್ಕೋಪರದಿಂದ ಕುಂತೀ, ಸಾಕು. ಅಕೀಗೆ ಬಿಡು" ಎನ್ನುತ್ತಿದ್ದರು. ನಾನು ಏಳುತ್ತಿದ್ದೆ. ಶೀವ್, ಮಾಟುಂಗಾ ಸ್ಟೇಷನ್ ದಾಟುವವರೆಗೆ ಅವಳಿಗೆ ಕ್ರೋಶಾ ಪಾಠ, ಕನ್ನಡ ಪಾಠ. ನಾನು ಮೇಲಿನ ಹಿಡಿಕೆಗೆ ಜೋತುಬಿದ್ದು ಇಬ್ಬರ ನೆತ್ತಿ ನೋಡುತ್ತಿದ್ದೆ.

ಅವಳದೋ ಸಂದಿಗೆ ಹಾಕಬೇಕಾದ್ದನ್ನು ಹೆಣಿಗೆಯ ತಲೆಗೇ ಹಾಕುವ ಕೈ. ಕಾಕು ನಕ್ಕು ಬಿಚ್ಚುತ್ತಿದ್ದರು: "ಲೇ, ಕುಂತವರ ತೊಡಿ ಮ್ಯಾಲ ಕೂಡ್ತೀಯಲ್ಲ! ದಾರ್‍ಯಾಗ ಕೂಡು." ನನ್ನದನ್ನು ತೋರಿಸಿದರೆ "ಚಲೋ ಐತಿ" ಎಂದು ಅರೆಕ್ಷಣದಲ್ಲಿ ಹಿಂದಿರುಗಿಸುತ್ತಿದ್ದರು. ಅವಳ ತಪ್ಪುಗಳಿಗೆ ಸಿಕ್ಕ ಗಮನ ನನ್ನ ಸರಿಗಳಿಗೆ ಸಿಗಲಿಲ್ಲ. ಒಮ್ಮೆ ಬೇಕೆಂದೇ ಮೂಲೆಯಲ್ಲಿ ತಪ್ಪು ಹೆಣೆದು ತೋರಿಸಿದೆ. "ಇದೇನ, ನಿದ್ದಿಗೆಟ್ಟಿ ಏನು?" ಎಂದರು, ಬಿಚ್ಚಲು ನನ್ನ ಕೈಗೇ ಕೊಟ್ಟರು.

ಆ ಚಳಿಗಾಲದಲ್ಲಿ ಕಾಕು ನಮ್ಮಿಬ್ಬರಿಗೂ ಒಂದೊಂದು ಕೊರಳಬಳಿ ಹೆಣೆದರು. ಬೂದು ಬಣ್ಣ, ಅಂಚಿಗೆ ಕಡುಗೆಂಪು, ಎರಡೂ ಒಂದೇ ಅಳತೆ. ನನ್ನದರ ತುದಿಗಳನ್ನು ಉಣ್ಣೆಯಿಂದಲೇ ಒತ್ತೊತ್ತಾಗಿ ಹೊಲಿದು ಕೂಡಿಸಿದ್ದರು. ಅವಳದಕ್ಕೆ ಒಂದು ಗುಂಡಿ! ತೀರಿಹೋದ ತಮ್ಮ ಗಂಡನ ಕೋಟಿನದು, ಕಡುನೀಲಿ, ಎಂಟಾಣೆಯಷ್ಟು ದೊಡ್ಡದು. ಗ್ರ್ಯಾನಿ ಹೆಣಿಗೆಯಲ್ಲಿ ಸಂದುಗಳು ಇದ್ದೇ ಇರುವುದರಿಂದ ಗುಂಡಿಗೆ ಬೇರೆ ಕಾಜಾ ಬೇಕಿಲ್ಲ. ಯಾವ ಸಂದಿಗೆ ಹಾಕಿದರೂ ನಿಲ್ಲುತ್ತದೆ. ಬಿಗಿ, ಸಡಿಲ, ಅವಳಿಷ್ಟ.

ಆ ಗುಂಡಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಗಂಡನ ಕೋಟಿನ ಗುಂಡಿ ಯಾರಿಗೆ ಕೊಡುತ್ತಾರೆ? ಮಗಳಿಗೆ ಕೊಡುತ್ತಾರೆ.

ಒಂದೇ ಸಮಾಧಾನವೆಂದರೆ ಅದು ಮತ್ತೆ ಮತ್ತೆ ಕಿತ್ತು ಬರುತ್ತಿತ್ತು. "ಕಾಕು, ಗುಂಡಿ ಫಿರ್ ಸೇ ಬಿತ್ತು. ಪಕ್ಕಾ ಹೊಲೀರಿ ನಾ" ಎಂದು ಅವಳು ಗೋಗರೆದರೆ ಕಾಕು, "ಬಿದ್ರ ಮತ್ತ ಹಚ್ಚೋಣ, ಏನಾತು?" ಎಂದು ಅದೇ ಬಡಕಲು ಹತ್ತಿದಾರದಲ್ಲಿ ಎರಡು ಹೊಲಿಗೆ ಹಾಕುತ್ತಿದ್ದರು. ಕೊನೆಗೆ ಅವಳು ಗುಟ್ಟಾಗಿ ನನ್ನ ಬಳಿ ಬಂದಳು. "ದೀದಿ, ಕಾಕು ಕೇಳೋದೇ ಇಲ್ಲ. ನಿಮ್ಮತ್ರ ನೈಲಾನ್ ದಾರ ಇದೆ ನಾ? ನೀವು ಪಕ್ಕಾ ಮಾಡಿಕೊಡಿ, ಪ್ಲೀಸ್."

ದಾರ ಪರ್ಸಿನಲ್ಲೇ ಇತ್ತು. ಸೂಜಿಯೂ ಇತ್ತು. "ನಾಳೆ ನೋಡುವ" ಎಂದೆ.

ಆ ನಾಳೆ ಹಿಂದಿನ ಗಾಡಿ ರದ್ದಾಗಿ ವಿಪರೀತ ನೂಕುನುಗ್ಗಲು. ನನಗೆ ಸೀಟಿನವರೆಗೆ ಹೋಗಲು ಆಗಲಿಲ್ಲ. ಬಾಗಿಲ ಪಕ್ಕದ ತಡಿಕೆಗೆ ಅಂಟಿಕೊಂಡು ನಿಂತಿದ್ದೆ. ಕುರ್ಲಾದ ಹುಡುಗಿ ಎಂದಿನಂತೆ ಬಾಗಿಲಲ್ಲಿ. ದಾದರಿನಲ್ಲಿ ಅವಳು ಇಳಿಯುವಾಗ ಒಬ್ಬಾಕೆ ನುಗ್ಗಿ ಹತ್ತಿದಳು. ಆಕೆಯ ಬ್ಯಾಗಿನ ಕೊಕ್ಕೆ ಕೊರಳಬಳಿಯ ಒಂದು ಸಂದಿಗೆ ಸಿಕ್ಕಿತು. ಹಿಂದಿನವರು ಆಕೆಯನ್ನು ಒಳಗೆ ತಳ್ಳಿದರು. ಹುಡುಗಿಯ ಕಾಲು ಪ್ಲಾಟ್‌ಫಾರ್ಮಿನಲ್ಲಿ, ಕೊರಳು ನಮ್ಮ ಡಬ್ಬಿಯಲ್ಲಿ. ಗಾಡಿ ಹೊರಟಿತು.

ಅವಳು ಓಡತೊಡಗಿದಳು. ಎರಡೂ ಕೈ ಕೊರಳಲ್ಲಿ, ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ನನ್ನ ಕೈ ಆ ಬ್ಯಾಗಿಗೆ ಎಟುಕಲಿಲ್ಲ. ಯಾರೋ ಸರಪಳಿ ಎಳೆಯಲು "ಚೈನ್ ಖೀಂಚೋ!" ಎಂದು ಕಿರುಚಿದರು. ಆಮೇಲೆ ಟಪ್ ಎಂದಿತು. ಅವಳು ಹಿಂದಕ್ಕೆ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಳು. ಗುಂಡಿ ಹಾರಿ ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು.

ಮೊಣಕೈ ತರಚಿತ್ತು, ಕೊರಳಲ್ಲಿ ಒಂದು ಕೆಂಪು ಬರೆ. ಅಷ್ಟೇ. ಮರುದಿನ, ಆ ಬ್ಯಾಗಿನಿಂದ ಬಿಡಿಸಿಕೊಂಡಿದ್ದ ಕೊರಳಬಳಿಯ ಜೊತೆ ಕಾಕುವಿನ ಅಂಗೈಯಲ್ಲಿ ಗುಂಡಿ ಇಟ್ಟೆ. ಅವರು ತುಂಡಾದ ದಾರವನ್ನು ಉಗುರಿನಿಂದ ಎಳೆದು ನೋಡಿದರು.

"ಬಾಗಿಲದಾಗ ನಿಂದ್ರಾಕಿ ಅಕಿ. ಗಟ್ಟಿ ಹೊಲಿದಿದ್ರ ಕೊರಳ ಹೋಗ್ತಿತ್ತು. ಗುಂಡಿ ಹೋಗ್ಲಿ."

"ಬಾಗಿಲಲ್ಲಿ ನಿಲ್ಲಬೇಡ ಅಂತ ಹೇಳಬಹುದಿತ್ತಲ್ಲ, ಕಾಕು?"

"ಕುರ್ಲಾದಾಗ ಹತ್ತಾಕಿಗೆ ಬಾಗಿಲದಾಗ ನಿಂದ್ರಬ್ಯಾಡ ಅನ್ನೂದಂದ್ರ ಕೆಲಸ ಬಿಡು ಅಂದಂಗ."

ಆ ಟಪ್ ಸದ್ದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಗಾಡಿ ದಾದರ್ ಬಿಡುವಾಗಲೆಲ್ಲ ಕೇಳುತ್ತದೆ. ಅದಕ್ಕಿಂತ ಕೆಟ್ಟದ್ದು, ಕೆಲವು ಸಲ ಕೇಳುವುದಿಲ್ಲ. ಆಗ ನನ್ನ ಕಲ್ಪನೆಯಲ್ಲಿ ನಾನು ಒಳ್ಳೆಯವಳಾಗಿರುತ್ತೇನೆ. ಹಿಂದಿನ ದಿನವೇ ನಗುನಗುತ್ತಾ ನೈಲಾನ್ ದಾರ ಪೋಣಿಸಿ ಗುಂಡಿಯನ್ನು ಭದ್ರವಾಗಿ ಹೊಲಿದುಕೊಟ್ಟಿರುತ್ತೇನೆ. ಹುಡುಗಿ ಓಡುತ್ತಲೇ ಇರುತ್ತಾಳೆ, ಪ್ಲಾಟ್‌ಫಾರ್ಮ್ ಮುಗಿಯುತ್ತಾ ಬರುತ್ತದೆ. ನನ್ನ ಹೊಟ್ಟೆಕಿಚ್ಚು ಅವಳನ್ನು ಉಳಿಸಿತು ಎಂದು ಯಾರಿಗೆ ಹೇಳಲಿ?

ಇಷ್ಟಾದ ಮೇಲಾದರೂ ಅದು ಆರಬೇಕಿತ್ತು. ಆರಲಿಲ್ಲ. ಅವಳು ಎಲ್ಲಿ ನಿಲ್ಲುತ್ತಾಳೆ, ಅವಳ ಕೊರಳಿಗೆ ಏನಾಗಬಹುದು ಎಂದೆಲ್ಲ ಕಾಕು ಯೋಚಿಸಿದ್ದರಲ್ಲ, ಈಗ ಅದಕ್ಕೇ ಹೊಟ್ಟೆ ಉರಿಯಿತು. ಒಂದು ವಾರ ಸೀಟು ಬಿಟ್ಟು ಬಾಗಿಲಲ್ಲಿ ನಿಂತೆ. ಕಾಕು ಅಷ್ಟು ಜನರ ತಲೆಯ ಮೇಲಿಂದ ಕೂಗಿದರು: "ಏ ಉಡುಪಿ! ಗುಂಡಿ ಬೇಕಂತ ಬಾಗಿಲದಾಗ ನಿಂತೀ ಏನು? ಹುಚ್ಚಿ! ನೀ ಒಳಗಿರಾಕಿ ಅಂತ ನಂಬಿ ನಿಂದು ಗಟ್ಟಿ ಹೊಲದೇನಿ. ಬಾ ಇಲ್ಲಿ!"

ಇಡೀ ಡಬ್ಬಿ ನಕ್ಕಿತು. ಮುಖ ಕೆಂಪಾಗಿ ಒಳಗೆ ಹೋಗಿ ಕೂತೆ.

ಕಾಕು ನಿವೃತ್ತರಾದರು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಠಾಣೆಯ ಮನೆಯಲ್ಲೇ ತೀರಿಹೋದರು. ನಾನೂ ಕುರ್ಲಾದ ಹುಡುಗಿಯೂ ಕೊನೆಯ ದರ್ಶನಕ್ಕೆ ಹೋಗಿದ್ದೆವು. ಬೆರಳಿನ ಆ ಗೆರೆ ಹಾಗೇ ಇತ್ತು.

ಈಗ ಕುರ್ಲಾದ ಹುಡುಗಿ ಡಬ್ಬಿಯ ಬೇರೆಯವರಿಗೆ ಕಲಿಸುತ್ತಾಳೆ. "ಮೂರು ಮಂದಿ, ಒಂದು ದಾರಿ" ಎಂದು ಅವಳು ಹೇಳುವಾಗ ಥೇಟ್ ಗದಗಿನ ರಾಗ. ಕಾಕುವಿನ ದನಿ ಅವಳಿಗೆ ಹೋಗಿದೆ. ನನ್ನ ಪುಸ್ತಕದ ಕನ್ನಡಕ್ಕೆ ಆ ರಾಗ ಎಂದೂ ಒಗ್ಗದು. ಅವಳು ಹೇಳುವಾಗ ನಾನು ಕಿಟಕಿಯಾಚೆ ನೋಡುತ್ತೇನೆ.

ಮೊನ್ನೆ ಅವಳ ಗುಂಡಿ ಮತ್ತೆ ಕಿತ್ತಿತು. ನಾನು ಸರಿದು ನಾಲ್ಕನೇ ಸೀಟು ಕೊಟ್ಟೆ. ಪರ್ಸಿನಿಂದ ಹತ್ತಿದಾರ ತೆಗೆದೆ. ನೈಲಾನ್ ದಾರವನ್ನು ನಾನೀಗ ಇಟ್ಟುಕೊಳ್ಳುವುದಿಲ್ಲ. ಎರಡೇ ಹೊಲಿಗೆ ಹಾಕಿ, ಗಂಟು ಹಾಕದೆ, ಹಲ್ಲಿನಿಂದ ದಾರ ಕಡಿದೆ.

"ಪಕ್ಕಾ ಇದೆಯಾ, ದೀದಿ?" ಅವಳು ನಗುತ್ತಿದ್ದಳು.

"ಇಲ್ಲ" ಎಂದೆ. "ಬಿದ್ದರೆ ಮತ್ತೆ ಹಚ್ಚುವ."