ಒಂದೊಂದು ನಿಮಿಷ ಕೇಳಿ ಕೊಟ್ಟ ತೀರ್ಪು

ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಎದುರು ನಮ್ಮದೊಂದು ಕ್ಯಾಸೆಟ್ ಅಂಗಡಿ ಇತ್ತು. ಮೈಕ್ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತಾರೋ ಇಪ್ಪತ್ತೇಳೋ, ಸೊಕ್ಕು ಮಾತ್ರ ಮೈ ತುಂಬ. ಹೊಸ ಕ್ಯಾಸೆಟ್ ಬಂದರೆ ಶಿಕಾರಿಪುರದಿಂದ ಸೊರಬದ ತನಕ ಜನ ನನ್ನ ಬಾಯಿ ನೋಡುತ್ತಿದ್ದರು. ನಾನು ಒಂದು ಹಾಡಿಗೆ ಒಂದೇ ನಿಮಿಷ ಕೊಡುತ್ತಿದ್ದೆ. ಆಮೇಲೆ ಫಾರ್ವರ್ಡ್. ಟೀ ಆರುವುದರೊಳಗೆ ಎರಡೂ ಬದಿ ಮುಗಿಸಿ, ಒಳಗಿನ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ರೈಟು, ಇಂಟು ಹಾಕಿ ಕೊಡುತ್ತಿದ್ದೆ. ರೈಟು ಬಿದ್ದ ಹಾಡುಗಳನ್ನಷ್ಟೇ ಗಿರಾಕಿಗಳು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹೋಗುತ್ತಿದ್ದರು. ಇಂಟು ಬಿದ್ದದ್ದನ್ನು ಕೇಳುವ ಗಂಡಸು ಈ ಸೀಮೆಯಲ್ಲಿಲ್ಲ ಅಂತ ಬೀಗುತ್ತಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಒಂದು ಬೆಳಗ್ಗೆ ಸೊರಬದ ಬಸ್ಸಿಳಿದು ಒಬ್ಬ ಹೆಂಗಸು ಬಂದರು. ಸೊರಬದಲ್ಲಿ ಬ್ಲೌಸ್ ಹೊಲಿಯುವವರು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಎಂಟು ದಿನದ ಹಿಂದೆ ಅವರ ತಮ್ಮ ತೀರಿಕೊಂಡಿದ್ದ. ಗೋವಾದ ಕಡಲ ಬದಿಯ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದವನು, ಅಲ್ಲೇ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟ. ಅವನ ಟ್ರಂಕಿನಲ್ಲಿ ಸಿಕ್ಕಿದ ಕ್ಯಾಸೆಟ್ಟನ್ನು ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟರು. ಯಾವನೋ ಫಾರಿನ್ ಡಿಜೆಯ ಟ್ರಾನ್ಸ್ ಸಂಗೀತ, ಗೋವಾದ ಕಡಲ ದಂಡೆಯಲ್ಲಿ ರಾತ್ರಿಯಿಡೀ ಕುಣಿಯಲಿಕ್ಕೆ ಹಾಕುವಂಥದ್ದು. ಗ್ರೇಟೆಸ್ಟ್ ಹಿಟ್ಸ್ ಅಂತ ಮೇಲೆ ಬೆಳ್ಳಿ ಅಕ್ಷರ, ಒಳಗೆ ಹತ್ತು ಹೆಸರು.

"ದೀಪಾವಳಿಗೆ ಬಂದಾಗ ಇಡೀ ದಿನ ವಾಕ್‌ಮನ್ನಲ್ಲಿ ಇದನ್ನೇ ಕಿವಿಗೆ ಹಾಕ್ಕಂಡು ಕೂರ್ತಿದ್ದ. ಕರೆದ್ರೆ ಓ ಅನ್ತಿರ್ಲಿಲ್ಲ. ಇವನಿಗೆ ತಲೆ ಕೆಟ್ಟೈತೆ, ಈ ಧಬಧಬಾನೇ ಕೆಡಿಸಿದ್ದು ಅಂತ ನಮ್ಮ ಚಿಕ್ಕಪ್ಪ ಊರಿಗೆಲ್ಲ ಹೇಳ್ಕೊಂಡು ಬರ್ತಿದಾರೆ. ನನ್ನ ಕಿವಿಗೂ ಒಂದ್ಸಲ ಇಡಕ್ಕೆ ಬಂದಿದ್ದ ಕಣ್ರೀ. ಹಬ್ಬದ ಬ್ಲೌಸು ರಾಶಿ ಬಿದ್ದಿದ್ವು, ಹೋಗೋ ಮಾರಾಯ ಅಂದೆ." ಕ್ಯಾಸೆಟ್ಟನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದರು. "ನೀವು ಕೇಳಿ ಹೇಳ್ರಿ. ಇದ್ರಲ್ಲಿ ಅವನಿಗೆ ಏನಾದ್ರೂ ಸಿಕ್ಕಿತ್ತಾ, ಇಲ್ಲಾ ನಿಜಕ್ಕೂ ತಲೆ ಕೆಟ್ಟಿತ್ತಾ?"

ನಾನು ಕ್ಯಾಸೆಟ್ ಹಾಕಿದೆ. ಧಬ್ ಧಬ್ ಧಬ್ ಧಬ್. ಒಂದು ನಿಮಿಷ ಕಾದೆ, ಯಾರೂ ಹಾಡಲಿಲ್ಲ. ಫಾರ್ವರ್ಡ್. ಎರಡನೆಯದೂ ಅದೇ. ಟೇಪೇ ಸಿಕ್ಕಿಹಾಕಿಕೊಂಡಿದೆಯೇನೋ ಅಂತ ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಮತ್ತೂ ಅದೇ. ಏಳೆಂಟು ನಿಮಿಷ ನಡೆಸಿಕೊಂಡು ಹೋಗಿ ಆಮೇಲೆ ಬಾಗಿಲು ತೆಗೆಯುವ ಸಂಗೀತವೂ ಇರುತ್ತದೆ ಅಂತ ನನಗೇನು ಗೊತ್ತು! ಹತ್ತಕ್ಕೆ ಹತ್ತೂ ಇಂಟು ಎಳೆದೆ.

"ಅಕ್ಕಾರೆ, ಇದ್ರಲ್ಲಿ ಏನೂ ಇಲ್ಲ."

"ಏನೇನೂ?"

"ಹಾಡೇ ಇಲ್ಲಲ್ರೀ. ಹಿಟ್ಟಿನ ಗಿರಣಿ ಇದಕ್ಕಿಂತ ವಾಸಿ."

ಪಕ್ಕದಲ್ಲಿದ್ದ ಗಿರಾಕಿಗಳು ಕಿಸಕ್ಕನೆ ನಕ್ಕರು. ಆ ನಗು ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಮಾತ್ರ ಚೀಟಿಯ ಮೇಲಿನ ಇಂಟುಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. "ಹಂಗಾದ್ರೆ ಚಿಕ್ಕಪ್ಪ ಹೇಳಿದ್ದೇ ಸರಿ" ಅಂದರು. ಆಮೇಲೆ, "ಇದ್ರ ಮೇಲೇ ವಚನ ತುಂಬಿಸಿಕೊಡ್ರಿ. ನಾಡಿದ್ದು ಅವನ ಗಣಾರಾಧನೆ, ಊಟದ ಹೊತ್ತಿಗೆ ಹಾಕ್ತೀವಿ. ಅವನ ಒಂದು ಸಾಮಾನಾದ್ರೂ ಒಳ್ಳೇದಕ್ಕೆ ಬಂತು ಅಂತಾಗ್ಲಿ" ಅಂದರು.

ಕಂಪನಿ ಕ್ಯಾಸೆಟ್ಟಿನ ಮೇಲೆ ಬೇರೆ ತುಂಬಬೇಕಾದರೆ ಅದರ ನೆತ್ತಿಯ ಎರಡು ತೂತು ಮುಚ್ಚಬೇಕು. ಗಮ್ ಟೇಪ್ ಅಂಟಿಸಿ, ಎರಡೂ ಬದಿಗೆ ವಚನಗಳ ಕ್ಯಾಸೆಟ್ ಇಳಿಸಿದೆ. ವಚನ ಮುಗಿದ ಮೇಲೂ ಕೊನೆತನಕ ಖಾಲಿ ಓಡಿಸಿ ಹಳೆಯದನ್ನು ಪೂರ್ತಿ ಅಳಿಸುವುದು ನಮ್ಮ ಪದ್ಧತಿ. ಎರಡನೇ ಬದಿಯಲ್ಲಿ ವಚನ ಮುಗಿಯುವ ಹೊತ್ತಿಗೆ ಸೊರಬದ ಬಸ್ಸು ಹಾರ್ನ್ ಹೊಡೆಯತೊಡಗಿತು. ಖಾಲಿ ಓಡಿಸದೆ ಅಲ್ಲಿಗೇ ನಿಲ್ಲಿಸಿ ಕೊಟ್ಟುಬಿಟ್ಟೆ.

ಗಣಾರಾಧನೆಗೆ ಮೈಕ್ ಸೆಟ್ ನಮ್ಮದೇ ಆದ್ದರಿಂದ ನಾನೂ ಹೋದೆ. ಮಧ್ಯಾಹ್ನ ಕ್ಯಾಸೆಟ್ಟಿನ ಎರಡನೇ ಬದಿ ಹಾಕಿ, ಪಂಕ್ತಿಯ ತುದಿಯಲ್ಲಿ ಊಟಕ್ಕೆ ಕೂತೆ. ವಚನ ಮುಗಿಯಿತು. ಹೋಗಿ ತಿರುಗಿಸಿ ಹಾಕಿದರಾಯಿತು ಅಂತ ಹೋಳಿಗೆ ಮುರಿಯುತ್ತಿದ್ದೆ.

ಆಗ ಮೈಕಿನಿಂದ ಒಂದು ಸ್ವರ ಬಂತು. ಧಬಧಬ ಇಲ್ಲ. ಒಂದೇ ಸ್ವರ, ಉದ್ದಕ್ಕೆ. ಅದರೊಳಗಿಂದ ಇನ್ನೊಂದು ಎದ್ದಿತು, ಅದರ ಮೇಲೆ ಮತ್ತೊಂದು, ಯಾರೋ ದೂರದ ಗದ್ದೆಯಿಂದ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂಗಿ ಕರೆದ ಹಾಗೆ. ನನ್ನ ಮೈ ಜುಂ ಅಂದಿತು. ಬಸ್ಸಿನ ಅವಸರದಲ್ಲಿ ನಾನು ಅಳಿಸದೆ ಬಿಟ್ಟ ಹತ್ತನೆಯದರ ಬಾಲ ಅದು. ಅಯ್ಯೋ ಶಿವನೇ, ಇದನ್ನಾ ನಾನು ಗಿರಣಿ ಅಂದದ್ದು! ಆ ಸ್ವರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕ್ಷೌರಕ್ಕೆ ಕೂತಾಗ, ರೇಷನ್ ಕ್ಯೂನಲ್ಲಿ ನಿಂತಾಗ, ನಟ್ಟ ನಡು ಹಗಲಲ್ಲಿ ಬಂದು ಹಿಡಿಯುತ್ತದೆ. ಬರೀ ಅದಾದರೆ ತಡೆದುಕೊಂಡೇನು. ಅದರ ಹಿಂದೆ ನಾನು ಅಳಿಸಿದ ಒಂಬತ್ತೂ ಬಂದು ಸುಮ್ಮನೆ ನಿಲ್ಲುತ್ತವೆ. ಅವು ಹೇಗಿದ್ದವೋ ನನಗೆ ಗೊತ್ತಿಲ್ಲ.

"ಯಾವನಲೇ ಅದು? ಬಂದ್ ಮಾಡ್ರೋ!" ಚಿಕ್ಕಪ್ಪ ಕೂತಲ್ಲಿಂದಲೇ ಗದರಿದರು. ನಾನು ಏಳಲು ಹೊರಟೆ.

"ಇರ್ಲಿ ಬಿಡ್ರಿ" ಅಂದರು ಅಕ್ಕ. ಹಿರಿಯರೆದುರು ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲವೇನೋ, ಪಂಕ್ತಿಯೆಲ್ಲ ತಿರುಗಿ ನೋಡಿತು. "ಅದು ಅವನದು." ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಅವರು ಎಲೆಗಳ ನಡುವೆ ಕೂತುಬಿಟ್ಟರು. ಮೂರೋ ನಾಲ್ಕೋ ನಿಮಿಷ. ಸ್ವರ ತುಂಬಿ ಬರುತ್ತಿದ್ದ ಹಾಗೇ ಟೇಪು ಮುಗಿದು ಗುಂಡಿ ಟಕ್ ಅಂತು.

ಅವರು ಎದ್ದು ನನ್ನ ಎಲೆಯ ಮುಂದೆ ಬಂದು ನಿಂತರು. "ಏನೂ ಇಲ್ಲ ಅಂದಿದ್ರಿ."

ನಾನು ಪೂರ್ತಿ ಕೇಳಿರಲಿಲ್ಲ ಅಂತ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಇದೊಂದು ಮಾತ್ರ ಚೆನ್ನಾಗಿತ್ತು ಅಕ್ಕಾರೆ. ಅದಕ್ಕೇ ಅಳಿಸದೆ ಉಳಿಸಿದೆ."

ಅವರ ಕಣ್ಣು ತುಂಬಿತು. ಚಿಕ್ಕಪ್ಪನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ನೋಡ್ರಿ, ಇವರು ಹತ್ತೂ ಪೂರ್ತಿ ಕೇಳಿ ಆರಿಸಿದಾರೆ. ನನ್ನ ತಮ್ಮನಿಗೆ ತಲೆ ಕೆಟ್ಟಿರ್ಲಿಲ್ಲ" ಅಂದರು. ಆಮೇಲೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಕೈಯಾರೆ ತುಪ್ಪ ಬಡಿಸಿದರು. ನಾನು ತಲೆ ಎತ್ತದೆ ತಿಂದೆ.